ರಿವಾಲ್ವರಿಗೆ ಏರಿದ ಬೆಳ್ಳಿ

ರುದ್ರಾಣಿಯ ಗಂಡ ಸಂಗಮೇಶ್ ವಿಜಯಪುರದಲ್ಲಿದ್ದಾಗ ದೀಪಾವಳಿಯ ಸುರಸುರಬತ್ತಿಯನ್ನೂ ಕೈ ಉದ್ದ ಚಾಚಿ, ಮುಖ ಆಚೆ ತಿರುಗಿಸಿ ಹಿಡಿಯುತ್ತಿದ್ದ ಮನುಷ್ಯ. ಅಂಥವನಿಗೆ ಕ್ರೈಸ್ಟ್‌ಚರ್ಚಿನಲ್ಲಿ, ತಲೆಯ ಅರ್ಧ ಕೂದಲು ನರೆತ ಮೇಲೆ, ಕಪ್ಪು ಮದ್ದಿನ ರಿವಾಲ್ವರಿನ ಹುಚ್ಚು ಹಿಡಿಯಿತು ಎಂದರೆ ಊರಲ್ಲಿರುವ ಅವನ ತಂಗಿಯರು ಇವತ್ತಿಗೂ ನಂಬುವುದಿಲ್ಲ. ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ಹಿಂದೆ ಸರಕು ಹೇರುವ ತನ್ನ ಗಾಡಿ ಯೂಟ್‌ನಲ್ಲಿ ಕೂರಿಸಿಕೊಂಡು ಕ್ಲಬ್ಬಿಗೆ ಕರೆದೊಯ್ದ. ಸಂಜೆ ವಾಪಸು ಬಂದಾಗ ಸಂಗಮೇಶನ ಅಂಗಿ ಗಂಧಕದ ವಾಸನೆ ಹೊಡೆಯುತ್ತಿತ್ತು, ಮುಖದಲ್ಲಿ ಮದುವೆಯ ದಿನವೂ ಕಾಣದಿದ್ದ ಕಳೆ ಇತ್ತು.

ಅವು ನಿಜವಾದ ಹಳೆಯ ರಿವಾಲ್ವರುಗಳಲ್ಲ. ಅಮೆರಿಕದವರು ಕುದುರೆಯ ಮೇಲೆ ಓಡಾಡುತ್ತಿದ್ದ ಕಾಲದ ಮಾದರಿಯನ್ನು ನೋಡಿ ಇಟಲಿಯಲ್ಲಿ ಈಗ ತಯಾರಿಸುವ ತದ್ರೂಪುಗಳು. ಮದ್ದು ಬೇರೆ, ಸೀಸದ ಗುಂಡು ಬೇರೆ, ಪ್ರತಿ ಸಲವೂ ಕೈಯಾರೆ ತುಂಬಬೇಕು. ಹೊಡೆದರೆ ಗುರಿಯೇ ಕಾಣದಷ್ಟು ಹೊಗೆ. ಅದಕ್ಕೆ ಬೇಕಾದ ಲೈಸೆನ್ಸು, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ, ಪೊಲೀಸರ ತಪಾಸಣೆ ಎಲ್ಲವನ್ನೂ ಸಂಗಮೇಶ್ ಮಗಳ ಓದಿಗೂ ತೋರದ ಶ್ರದ್ಧೆಯಿಂದ ಮುಗಿಸಿದ.

ಆ ಕ್ಲಬ್ಬಿನಲ್ಲೊಂದು ಪದ್ಧತಿ ಇತ್ತು. ಕಾರ್ಖಾನೆಯಿಂದ ನಿನ್ನೆ ಮೊನ್ನೆ ಬಂದ ತದ್ರೂಪಿಗೆ ಸ್ವಂತದ ಕಥೆ ಎಲ್ಲಿಂದ ಬರಬೇಕು? ಅದಕ್ಕೆ ಕ್ಲಬ್ಬಿನವರು ತಾವೇ ಒಂದು ಕಥೆ ಕೂಡಿಸುತ್ತಿದ್ದರು. ಕ್ಲಬ್ಬಿನ ಹಿರಿಯ ನೆವಿಲ್, ಭೂಕಂಪದಲ್ಲಿ ಬಿದ್ದ ಅಜ್ಜನ ಮನೆಯ ಬಾಗಿಲ ಚೌಕಟ್ಟಿನ ಮರದಿಂದ ತನ್ನ ರಿವಾಲ್ವರಿನ ಹಿಡಿ ಕೆತ್ತಿಸಿಕೊಂಡಿದ್ದ. ಇನ್ನೊಬ್ಬ ತನ್ನ ಮುತ್ತಜ್ಜನ ಕುದುರೆಯ ಜೀನಿನ ತೊಗಲು ಕತ್ತರಿಸಿ ರಿವಾಲ್ವರಿಗೆ ಚೀಲ ಹೊಲಿಸಿದ್ದ. ವಸಂತದಲ್ಲಿ ಕ್ಲಬ್ಬಿನ ವಾರ್ಷಿಕ ದಿನ, ಎಲ್ಲರೂ ಉದ್ದನೆಯ ಮೇಜಿನ ಮೇಲೆ ರಿವಾಲ್ವರುಗಳನ್ನಿಟ್ಟು, ಚಹಾ ಕುಡಿಯುತ್ತ, ಒಬ್ಬೊಬ್ಬರಾಗಿ ತಂತಮ್ಮ ಮನೆತನದ ಕಥೆ ಹೇಳುವರು. ಮೊದಲ ವರ್ಷ ಸಂಗಮೇಶ್ ಬಾಯಿ ಮುಚ್ಚಿಕೊಂಡು ಕೂತು ಬಂದ. ನಮ್ಮ ಅಜ್ಜ ಊರ ಲೆಕ್ಕ ಬರೆಯುವ ತಲಾಠಿ, ಅವನು ಬಿಟ್ಟು ಹೋದದ್ದು ಒಂದು ಛತ್ರಿ, ಅದನ್ನು ಎಲ್ಲಿಗೆ ಅಂಟಿಸಲಿ ಎಂದು ಹೆಂಡತಿಯ ಮುಂದೆ ಗೊಣಗಿದ. ರುದ್ರಾಣಿ ನಕ್ಕಳು. ಅವನು ನಗಲಿಲ್ಲ. ಅವನು ನಗದೇ ಇದ್ದದ್ದನ್ನು ಆಗಲೇ ಗಮನಿಸಬೇಕಿತ್ತು, ಆದರೆ ಗಂಡ ನಗದೇ ಇದ್ದದ್ದನ್ನೆಲ್ಲ ಗಮನಿಸುತ್ತ ಕೂತರೆ ಯಾವ ಮನೆಯಲ್ಲೂ ಅಡಿಗೆ ಆಗುವುದಿಲ್ಲ.

ರುದ್ರಾಣಿ ಹಾರ್ನ್‌ಬಿಯ ಒಂದು ಲೇಪನದ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞೆ. ನಲ್ಲಿ, ಬಾಗಿಲ ಹಿಡಿ, ಟ್ರ್ಯಾಕ್ಟರಿನ ಬೋಲ್ಟು, ಇವಕ್ಕೆ ನಿಕ್ಕಲ್ಲು, ಸತು, ಕ್ರೋಮು ಹತ್ತಿಸುವ ತೊಟ್ಟಿಗಳ ದ್ರಾವಣ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಹಳೆಯ ಕಾಲದ ಆ ರಿವಾಲ್ವರುಗಳಲ್ಲಿ ಟ್ರಿಗರಿನ ಸುತ್ತಲಿನ ಹಿತ್ತಾಳೆಯ ಬಳೆಗೂ, ಹಿಡಿಯ ಬೆನ್ನಿನ ಹಿತ್ತಾಳೆ ಪಟ್ಟಿಗೂ ಬೆಳ್ಳಿ ಹತ್ತಿಸುತ್ತಿದ್ದರಂತೆ. ಇಟಲಿಯವರು ಬರೀ ಹಿತ್ತಾಳೆಯನ್ನೇ ಬಿಟ್ಟು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಇದನ್ನು ಮಾಡಬಹುದೇ ಎಂದು ಸಂಗಮೇಶ್ ಒಂದು ದಿನ ಕೇಳಿದ. ಕೇಳಿದ ರೀತಿಯಲ್ಲೇ ಅವಳು ಕರಗಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳ ಕೆಲಸದ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಗ್ಯಾರೇಜಿನಿಂದ ಕಾರು ಹೊರಗೆ ಹೋಯಿತು, ತೊಟ್ಟಿ ಒಳಗೆ ಬಂತು. ಕಾರ್ಖಾನೆಯಲ್ಲಿ ಬಳಸುವ ಸಯನೈಡಿನ ಸಹವಾಸ ಮನೆಯಲ್ಲಿ ಬೇಡವೆಂದು ಅವಳು ಬೇರೊಂದು ಲವಣದ ದ್ರಾವಣ ಆರಿಸಿಕೊಂಡಳು. ದ್ರಾವಣಕ್ಕೆ ಬೆಳ್ಳಿ ಬೇಕಿತ್ತು. ತರಿಸೋಣ ಎಂದಳು. ಅದರ ಚಿಂತೆ ನನಗಿರಲಿ ಎಂದ ಸಂಗಮೇಶ್, ಮುಂದಿನ ವಾರ ಜಾಮಿನ ಬಾಟಲಿಯ ತಳದಲ್ಲಿ ಒಂದಿಷ್ಟು ಬೆಳ್ಳಿಯ ತುಂಡು ತಂದು ಅವಳ ಮುಂದಿಟ್ಟ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿದ ತುಂಡುಗಳು. ಒಂದೆರಡು ಇನ್ನೂ ಸ್ವಲ್ಪ ಬಾಗಿಕೊಂಡಿದ್ದವು.

ಅವಳು ಅವನ್ನು ಹಿತ್ತಲಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಆಮ್ಲದಲ್ಲಿ ಕರಗಿಸಿದಳು. ಕಂದು ಹೊಗೆ ಎದ್ದಿತು. ದ್ರಾವಣ ತಿಳಿಯಾಗಿ ಉಳಿಯುವ ಬದಲು ನೀಲಿಗೆ ತಿರುಗಿತು.

“ಇದು ಅಪ್ಪಟ ಬೆಳ್ಳಿ ಅಲ್ರಿ, ತಾಮ್ರ ಬೆರತೈತಿ. ಎಲ್ಲಿಂದ ತಂದ್ರಿ?”

“ಹಳೀ ಚಮಚ. ಸೆಕೆಂಡ್ ಹ್ಯಾಂಡ್ ಅಂಗಡ್ಯಾಗ ಸಿಕ್ಕೂವು.”

ಚಮಚವೆಂದರೆ ತಾಮ್ರ ಇದ್ದೇ ಇರುತ್ತದೆ, ಬಾಗಿದ ತುಂಡು ಚಮಚದ ಬಾಯಿ ಇರಬೇಕು ಎಂದುಕೊಂಡಳು ಆ ವಿದ್ಯಾವಂತೆ. ಉಪ್ಪಿನ ನೀರು ಹಾಕಿದಾಗ ಬೆಳ್ಳಿ ಒಡೆದ ಹಾಲಿನಂತೆ ಬಿಳಿಯಾಗಿ ತಳಕ್ಕೆ ಕೂತಿತು. ನೀಲಿ ನೀರನ್ನು ಬಸಿದು, ಮತ್ತೆ ತೊಳೆದು, ಮತ್ತೆ ಬಸಿದು, ತಾಮ್ರದ ಸುಳಿವೂ ಇಲ್ಲದಂತೆ ಮಾಡಿ ದ್ರಾವಣ ಕೂಡಿಸಿದಳು. ಇಷ್ಟೆಲ್ಲ ಮಾಡುವಾಗ ಅವನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

ಆ ಚಳಿಗಾಲ ಅವರ ಸಂಸಾರದಲ್ಲಿ ಒಳ್ಳೆಯ ಕಾಲ ಎಂದೇ ಹೇಳಬೇಕು. ಅವನು ಹಿತ್ತಾಳೆಯನ್ನು ಕನ್ನಡಿಯ ಹಾಗೆ ಉಜ್ಜುವನು, ಅವಳು ಜಿಡ್ಡು ತೆಗೆದು, ತಂತಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟು ಕರೆಂಟಿನ ಸ್ವಿಚ್ಚು ಹಾಕುವಳು. ಹಳದಿ ಬಣ್ಣ ನೋಡ ನೋಡುತ್ತಿದ್ದಂತೆ ಬಿಳುಪಿಗೆ ತಿರುಗುವುದು. ಅವನ ರಿವಾಲ್ವರು ಆದ ಮೇಲೆ ನೆವಿಲ್‌ನದು, ನೆವಿಲ್‌ನದಾದ ಮೇಲೆ ಉಳಿದವರದು ಬಂತು. ಬಂದೂಕು ಅವರವರ ಬಳಿಯೇ ಉಳಿದು, ಹಿತ್ತಾಳೆಯ ಭಾಗಗಳಷ್ಟೇ ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಮಗಳು ಮಯೂರಿ ಗ್ಯಾರೇಜಿನ ಬಾಗಿಲಲ್ಲಿ ತಲೆ ಇಣುಕಿಸಿ, “ಯೂ ಟೂ ಆರ್ ಸೋ ವಿಯರ್ಡ್” ಎಂದು ಹೇಳಿ ಹೋಗುವಳು. ರುದ್ರಾಣಿಗೆ ಅದು ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಈಗ ರುದ್ರಾಣಿಯ ತಾಯಿ ರತ್ನಪ್ರಭಾ ಅವರ ವಿಷಯ ಹೇಳಬೇಕು. ಕೊನೆಯ ವರ್ಷಗಳನ್ನು ಮಗಳ ಮನೆಯಲ್ಲೇ ಕಳೆದು, ಎರಡು ವರ್ಷದ ಹಿಂದೆ ಇಲ್ಲೇ ತೀರಿಕೊಂಡಿದ್ದರು. ತಮ್ಮವರ ಪದ್ಧತಿಯಂತೆ ಮಣ್ಣು ಮಾಡುವಾಗ ಅವರ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟೇ ಕಳಿಸಿದರು. ಆ ಲಿಂಗವನ್ನು ಹುಡುಗಿಯಾಗಿದ್ದಾಗಿನಿಂದ ಹೊತ್ತಿದ್ದ ಬೆಳ್ಳಿಯ ಕರಡಿಗೆ ಉಳಿಯಿತು. ಬೋರೆ ಹಣ್ಣಿಗಿಂತ ತುಸು ದೊಡ್ಡದು, ಎದೆಗೆ ತಾಗಿ ತಾಗಿ ಒಂದು ಬದಿ ನುಣ್ಣಗಾದದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ಕೊರಳಿಂದ ತೆಗೆಯಲು ನರ್ಸು ಬಂದಾಗ ಮುದುಕಿ ಅವಳ ಕೈ ತಳ್ಳಿ, ಮಗಳನ್ನು ಕರೆದು, ಇದು ನಮ್ಮ ಮಯೂರಿಗೆ, ಲಿಂಗದೀಕ್ಷೆಯ ದಿನ ನೀನೇ ಅವಳ ಕೊರಳಿಗೆ ಹಾಕಬೇಕು ಎಂದಿದ್ದರು. ಹಾಕುತ್ತೇನೆ ಎಂದು ರುದ್ರಾಣಿ ಮಾತು ಕೊಟ್ಟಿದ್ದಳು.

ಆ ದಿನ ಹತ್ತಿರ ಬಂದಿತ್ತು. ಊರಿನ ಮಠದ ಸ್ವಾಮಿಗಳು ನ್ಯೂಜಿಲೆಂಡಿಗೆ ಬರುವವರಿದ್ದರು. ಜಾನ್ಸನ್‌ವಿಲ್‌ನಲ್ಲಿರುವ ರುದ್ರಾಣಿಯ ತಮ್ಮ ಬಸವಕಿರಣನ ಮನೆಯಲ್ಲಿ ದೀಕ್ಷೆ ಎಂದು ಮಾತಾಗಿತ್ತು. ಕರಡಿಗೆಗೆ ಹೊಸ ಶಿವದಾರ ಪೋಣಿಸೋಣವೆಂದು ರುದ್ರಾಣಿ ಒಂದು ಭಾನುವಾರ ಅತಿಥಿಗಳ ಕೋಣೆಯ ಟ್ರಂಕು ತೆರೆದಳು. ಅವ್ವನ ಇಲಕಲ್ಲ ಸೀರೆ ಇತ್ತು, ವಿಭೂತಿಯ ಗಟ್ಟಿ ಇತ್ತು, ಹಳೆಯ ದಾರವೂ ಇತ್ತು. ಕರಡಿಗೆ ಇರಲಿಲ್ಲ.

ಮನೆಯೆಲ್ಲ ಜಾಲಾಡಿದಳು. ಸಂಗಮೇಶನೂ ಅವಳ ಜೊತೆ ಹುಡುಕಿದ. ಸೋಫಾ ಎಳೆದು ಟಾರ್ಚು ಬಿಟ್ಟ. ವ್ಯಾಕ್ಯೂಮ್ ಕ್ಲೀನರಿನ ಚೀಲವನ್ನು ಹುಲ್ಲಿನ ಮೇಲೆ ಸುರುವಿ ಬೆರಳಿಂದ ಕೆದಕಿದ. ಅವಳು ಅತ್ತಾಗ ತಲೆ ಸವರಿ, ಸಿಗುತ್ತದೆ ಬಿಡು, ಮನೆಯೊಳಗಿನದು ಎಲ್ಲಿ ಹೋಗುತ್ತದೆ ಎಂದ. ಸಿಗದೇ ಇದ್ದಾಗ ಒಂದು ಮಾತು ಸೇರಿಸಿದ.

“ಆ ಖೋಲ್ಯಾಗ ಕಡೀಕ ಮಲಗಿದ್ದವರು ಯಾರು, ನೆನಪ ಮಾಡ್ಕೊ.”

ಅಲ್ಲಿ ಕೊನೆಗೆ ಮಲಗಿದ್ದವನು ಬಸವಕಿರಣ. ಈಸ್ಟರ್ ರಜೆಯಲ್ಲಿ ಬಂದಿದ್ದ. ಅವ್ವನ ಕರಡಿಗೆ ಗಂಡುಮಗನ ಮನೆಯಲ್ಲಿರಬೇಕಿತ್ತು ಎಂದು ಯಾವಾಗಲೋ ಒಮ್ಮೆ ನಗುತ್ತ ಅಂದಿದ್ದ. ಸಂಗಮೇಶ್ ಹೆಸರು ಹೇಳಲಿಲ್ಲ. ಹೆಸರನ್ನು ಅವಳ ಬಾಯಿಂದಲೇ ಬರಿಸಿದ. ಅವಳು ಎರಡು ದಿನ ಒಳಗೊಳಗೇ ಬೆಂದು ಕೊನೆಗೆ ತಮ್ಮನಿಗೆ ಫೋನು ಮಾಡಿದಳು. ಬೈಯಬಾರದು ಎಂದುಕೊಂಡೇ ಶುರುಮಾಡಿ, ಒಯ್ದಿದ್ದರೆ ಹೇಳಿಬಿಡು, ನಾನು ಏನೂ ಅನ್ನುವುದಿಲ್ಲ ಎಂದಳು. ನಾನು ತೆಗೆದುಕೊಂಡಿಲ್ಲ ಅಕ್ಕ ಎಂದ ಅವನು. ಹಾಗಾದರೆ ಅದಕ್ಕೆ ಕಾಲು ಬಂದವೇ ಎಂದಳು ಇವಳು. ಆ ಮಾತಿಗೆ ಅವನು ಫೋನು ಇಟ್ಟ. ಮರುದಿನ ಅವನ ಹೆಂಡತಿ ಹರ್ಷಿಣಿಯಿಂದ ಮೆಸೇಜು ಬಂತು: ಮನೆಯಲ್ಲಿ ರಿಪೇರಿ ಕೆಲಸ ಇದೆ, ದೀಕ್ಷೆಗೆ ಬೇರೆ ಜಾಗ ನೋಡಿಕೊಳ್ಳಿ. ತೊಡೆಯ ಮೇಲೆ ಕೂರಿಸಿಕೊಂಡು ಬೆಳೆಸಿದ ತಮ್ಮ. ರುದ್ರಾಣಿಗೆ ಅನ್ನ ಸೇರದಾಯಿತು. ಕಳ್ಳತನ ಮಾಡಿದ್ದಲ್ಲದೆ ಸೊಕ್ಕು ಬೇರೆ ಎಂದು ಸಿಟ್ಟು, ಅವನು ಹಾಗೆ ಮಾಡುವವನಲ್ಲ ಎಂಬ ಸಂಕಟ, ಎರಡೂ ಒಟ್ಟಿಗೆ. ಸಂಗಮೇಶ್ ಅವಳನ್ನು ಸಮಾಧಾನ ಮಾಡುತ್ತಲೇ ಇದ್ದ.

ವಸಂತ ಬಂತು, ಕ್ಲಬ್ಬಿನ ವಾರ್ಷಿಕ ದಿನವೂ ಬಂತು. ರುದ್ರಾಣಿ ಅಲ್ಲಿಗೆ ಒಮ್ಮೆಯೂ ಹೋದವಳಲ್ಲ. ಈ ಸಲ ನೆವಿಲ್ ಖುದ್ದಾಗಿ ಅವಳಿಗೇ ಫೋನು ಮಾಡಿ, ಬೆಳ್ಳಿ ಹತ್ತಿಸಿದ ಕೈಗಳನ್ನು ನಾವೆಲ್ಲ ನೋಡಬೇಕು, ಬರಲೇಬೇಕು ಎಂದ. ಹೊಗೆ ಇರುತ್ತದೆ, ಸದ್ದು ಇರುತ್ತದೆ, ನಿನಗೆ ತಲೆನೋವು ಬರುತ್ತದೆ ಎಂದು ಸಂಗಮೇಶ್ ನಾನಾ ಬಗೆಯಲ್ಲಿ ಹೇಳಿ ನೋಡಿದ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದ್ದ ಅವಳು ಶೇಂಗಾ ಹೋಳಿಗೆ ಮಾಡಿಕೊಂಡು ಹೊರಟೇಬಿಟ್ಟಳು. ಇಂಥ ಕೂಟಕ್ಕೆ ಪ್ರತಿ ಮನೆಯಿಂದ ಒಂದು ತಟ್ಟೆ ತಿನಿಸು ಒಯ್ಯುವುದು ಇಲ್ಲಿಯ ರೂಢಿ.

ಊರು ದಾಟಿ, ಬಯಲಿನ ನಡುವೆ ತಗಡಿನ ಶೆಡ್ಡು. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ರಿವಾಲ್ವರುಗಳು. ಪ್ರತಿಯೊಂದರ ಮೇಲೂ ಅವಳ ಬೆಳ್ಳಿ. ನೋಡಿ ಅವಳಿಗೆ ಸಂತೋಷವೇ ಆಯಿತು. ಎಲ್ಲಿಯೂ ಮಂಕಾಗಿಲ್ಲ, ಎಲ್ಲಿಯೂ ಸಿಪ್ಪೆ ಎದ್ದಿಲ್ಲ. ಸಂಗಮೇಶ್ ನೆರಳಿನ ಹಾಗೆ ಅವಳ ಹಿಂದೆಯೇ ಇದ್ದ. ಯಾರಾದರೂ ಅವಳತ್ತ ಬಂದರೆ ನಡುವೆ ನುಗ್ಗಿ ಹವೆಯ ಮಾತು ತೆಗೆಯುತ್ತಿದ್ದ. ಅಷ್ಟರಲ್ಲಿ ಯಾರೋ ಅವನನ್ನು ಬೆಂಚು ಎತ್ತಲು ಕರೆದರು, ನೆವಿಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವಳ ಮುಂದೆ ಬಂದು ನಿಂತ.

ರೈಲ್ವೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದ ಮುದುಕ, ಮಾತು ನಿಧಾನ. ಕಳೆದ ತಿಂಗಳ ಸಭೆಯಲ್ಲಿ ನಿಮ್ಮ ಯಜಮಾನರು ಎಲ್ಲ ಹೇಳಿದರು ಎಂದ. ನಿಮ್ಮ ತಾಯಿ ಬದುಕಿರುವವರೆಗೂ ಕೊರಳಲ್ಲಿ ಧರಿಸಿದ್ದ ದೇವರ ಬೆಳ್ಳಿಯಂತೆ. ಅದನ್ನು ನೀವೇ ಮನಸಾರೆ ಕೊಟ್ಟು, ನಿಮ್ಮ ಕೈಯಾರೆ ಕರಗಿಸಿ, ನಮ್ಮೆಲ್ಲರ ರಿವಾಲ್ವರಿಗೆ ಹಂಚಿದಿರಂತೆ. ಕೇಳಿ ನಾವೆಲ್ಲ ಎದ್ದು ನಿಂತೆವು. ಇಷ್ಟು ವರ್ಷಗಳಲ್ಲಿ ಈ ಮೇಜಿನ ಮೇಲೆ ಇಂಥ ಕಥೆ ಬಂದಿರಲಿಲ್ಲ. ನನ್ನ ಹೆಂಡತಿ ಬದುಕಿದ್ದರೆ ನಿಮ್ಮ ಕೈ ಹಿಡಿದು ಅಳುತ್ತಿದ್ದಳು.

ರುದ್ರಾಣಿಯ ಕೈಯಲ್ಲಿ ಹೋಳಿಗೆಯ ತಟ್ಟೆ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಾಗಿದ ಆ ತುಂಡು ಕಣ್ಣ ಮುಂದೆ ಬಂತು, ನೀಲಿ ನೀರು ಬಂತು. ತಾಮ್ರ ಹೋಗಲೆಂದು ಅವ್ವನನ್ನು ತೊಳೆದು ತೊಳೆದು ಬಸಿದಿದ್ದಳು. ಆಮ್ಲ ಸುರಿದದ್ದೂ ಅವಳೇ, ಸ್ವಿಚ್ಚು ಹಾಕಿದ್ದೂ ಅವಳೇ. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಆಮೇಲೆ ಹುಲ್ಲಿನ ಮೇಲೆ ಕೂತು ಕಸ ಕೆದಕುತ್ತಿದ್ದ. ಈ ಶೆಡ್ಡಿನಲ್ಲಿ, ಗುರುತು ಪರಿಚಯವಿಲ್ಲದ ಈ ಗಂಡಸರಿಗೆಲ್ಲ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ.

ಸಂಗಮೇಶ್ ಬೆಂಚು ಬಿಟ್ಟು ಬಂದ. ಅವಳ ಮುಖ ನೋಡುತ್ತಲೇ ಅವನಿಗೆ ತಿಳಿಯಿತು. ಭುಜ ಹಿಡಿದು ಗೋಡೆಯ ಕಡೆಗೆ ಕರೆದೊಯ್ದು, ಮುಖದ ಮೇಲೆ ಹಲ್ಲು ಕಾಣುವಷ್ಟು ನಗೆ ಇಟ್ಟುಕೊಂಡು, ಕನ್ನಡದಲ್ಲಿ, ಮೆಲ್ಲಗೆ ಹೇಳಿದ.

“ನಕ್ಕೋತ ನಿಂದ್ರು. ಅವರು ನೋಡಾಕತ್ತಾರ.”

“ಅದು ಅವ್ವನ ಕರಡಗಿ ಏನ್ರಿ?”

“ಲಿಂಗ ಅವ್ವನ ಕೂಡ ಹೋತು. ಉಳಿದದ್ದು ಖಾಲಿ ಡಬ್ಬಿ, ಟ್ರಂಕಿನ್ಯಾಗ ಬಿದ್ದಿತ್ತು. ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಇಲ್ಲಿ ನೋಡು, ಎಷ್ಟ ಮಂದಿ ಅದಕ್ಕ ಮರ್ಯಾದಿ ಕೊಡಾಕತ್ತಾರ.”

ಅವಳು ಅವನ ನಗೆಯನ್ನು ನೋಡುತ್ತಿದ್ದಳು. ಆ ನಗೆ ಅವಳಿಗಾಗಿ ಅಲ್ಲ, ಅವಳ ಬೆನ್ನ ಹಿಂದಿನವರಿಗಾಗಿ. ಕರಡಿಗೆ ಒತ್ತಟ್ಟಿಗಿರಲಿ, ಅದಕ್ಕಾಗಿ ಅವಳು ತಮ್ಮನ ಮೇಲೆ ಹೊರಿಸಿದ ಮಾತು ಇತ್ತಲ್ಲ, ಅದನ್ನು ಇವನು ಗೊತ್ತಿದ್ದೂ ಗೊತ್ತಿದ್ದೂ ಅವಳ ಬಾಯಿಂದ ಹೊರಡಿಸಿದ್ದ.

“ಕಿರಣಗ ಫೋನ್ ಹಚ್ಚರಿ. ಈಗ, ಇಲ್ಲೇ. ನಾ ತಗೊಂಡಿದ್ದೆ ಅಂತ ನಿಮ್ಮ ಬಾಯಿಲೆ ಹೇಳ್ರಿ. ಬ್ಯಾರೆ ಏನೂ ಬ್ಯಾಡ ನನಗ.”

“ಇಲ್ಲಿ ಬ್ಯಾಡ.”

“ಮತ್ತೆಲ್ಲಿ?”

ಅವನು ಅಂಗಿಯ ಜೇಬಿನಲ್ಲಿದ್ದ ಫೋನನ್ನು ತೆಗೆದು ಪ್ಯಾಂಟಿನ ಜೇಬಿಗೆ ಇಳಿಸಿದ. ನಗೆ ಹಾಗೆಯೇ ಇತ್ತು.

ಏನಾದರೂ ತೊಂದರೆಯೇ ಎಂದು ನೆವಿಲ್ ಹತ್ತಿರ ಬಂದ. ಏನಿಲ್ಲ, ಏನಿಲ್ಲ ಎಂದು ಸಂಗಮೇಶ್ ಇಂಗ್ಲಿಷಿನಲ್ಲಿ ಶುರುಮಾಡಿದ. ಇದು ನಮ್ಮ ಸಂಸ್ಕೃತಿಯ ವಿಷಯ, ತಾಯಿಯ ನೆನಪು ಬಂತು, ನಮ್ಮ ಹೆಂಗಸರು ಸ್ವಲ್ಪ ಭಾವುಕರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ಅವಳನ್ನು ಎರಡು ಮಾತಿನಲ್ಲಿ ಈ ನೆಲಕ್ಕೆ ಹೊರಗಿನವಳನ್ನಾಗಿ ಮಾಡಿ, ತಾನು ಆಚೆ ಬದಿಗೆ ಹೋಗಿ ನಿಂತ. ಅವಳಿಗೆ ಆಗ ಅಳು ಬರಲಿಲ್ಲ. ನೆವಿಲ್ ಕಡೆ ತಿರುಗಿ, ತಟ್ಟೆಯನ್ನು ಕೆಳಗಿಡದೆಯೇ, ತನ್ನ ಕಚೇರಿಯ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ನಾನು ಅದನ್ನು ಕೊಟ್ಟಿಲ್ಲ. ನನಗೆ ಹೇಳದೆ ತೆಗೆದುಕೊಂಡರು. ಚಮಚ ಎಂದು ಹೇಳಿ ನನ್ನ ಕೈಯಲ್ಲೇ ಕರಗಿಸಿದರು. ಅದು ನನ್ನ ಮಗಳಿಗೆ ಸೇರಬೇಕಾದದ್ದು. ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಶೆಡ್ಡಿನಲ್ಲಿ ಚಹಾದ ಚಮಚಗಳ ಸದ್ದು ನಿಂತಿತು. ನೆವಿಲ್ ಸಂಗಮೇಶನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೇಜಿನ ಬಳಿ ಹೋಗಿ ಕನ್ನಡಕ ಏರಿಸಿ, ಪೆಟ್ಟಿಗೆಯಿಂದ ತಿರುಪುಳಿ ತೆಗೆದು, ತನ್ನ ರಿವಾಲ್ವರಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಟ್ರಿಗರಿನ ಬಳೆ ಬಂತು, ಬೆನ್ನಿನ ಪಟ್ಟಿ ಬಂತು. ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ತಂದು ಅವಳಿಗೆ ಕೊಟ್ಟು, ಕ್ಷಮಿಸಬೇಕು, ನಮಗೆ ತಿಳಿಯಲಿಲ್ಲ ಎಂದ. ಅವನ ಪಕ್ಕದವನು ತಿರುಪುಳಿ ಕೈಗೆತ್ತಿಕೊಂಡ. ಅವನಿಂದ ಇನ್ನೊಬ್ಬ. ಯಾರೋ ಹೋಳಿಗೆಯ ತಟ್ಟೆಯನ್ನು ಅವಳಿಂದ ತೆಗೆದುಕೊಂಡರು, ಅವಳ ಕೈ ಕರವಸ್ತ್ರದ ಗಂಟುಗಳಿಂದ ತುಂಬಿತು.

ಸಂಗಮೇಶ್ ಮಾತ್ರ ತನ್ನ ರಿವಾಲ್ವರಿನ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಅಂಗೈ ಊರಿ ನಿಂತಿದ್ದ. ಅವಳು ಎದುರು ಹೋಗಿ ಕಾದಳು. ಅವನು ಅವಳ ಕಡೆ ನೋಡದೆ, ನನ್ನ ಮಾನ ತೆಗೆದೆಯಲ್ಲ ಎಂದ.

ಅವಳು ಹೊರಗೆ ಬಂದು ಕಾರು ನಿಲ್ಲಿಸಿದ ಜಲ್ಲಿಯ ಅಂಗಳದಲ್ಲಿ ನಿಂತಳು. ಲೆಕ್ಕ ಅವಳಿಗೆ ಗೊತ್ತಿತ್ತು. ಈ ತುಣುಕುಗಳ ಮೇಲಿರುವುದು ಈರುಳ್ಳಿಯ ಸಿಪ್ಪೆಗಿಂತ ತೆಳು. ಹೆಚ್ಚಿನ ಬೆಳ್ಳಿಯೆಲ್ಲ ಇನ್ನೂ ಗ್ಯಾರೇಜಿನ ತೊಟ್ಟಿಯಲ್ಲಿ ನೀರಾಗಿ ನಿಂತಿದೆ. ಅದನ್ನು ಮತ್ತೆ ಗಟ್ಟಿ ಮಾಡುವುದು ಅವಳಿಗೆ ದೊಡ್ಡ ಕೆಲಸವಲ್ಲ. ಬೆಳ್ಳಿ ವಾಪಸು ಬರುತ್ತದೆ, ಎದೆಗೆ ತಾಗಿ ನುಣ್ಣಗಾದ ಆ ಬದಿ ಬರುವುದಿಲ್ಲ. ಕರವಸ್ತ್ರದ ಗಂಟುಗಳನ್ನು ಕಾರಿನ ಮೇಲಿಟ್ಟು ತಮ್ಮನಿಗೆ ಫೋನು ಮಾಡಿದಳು. ಎತ್ತುವುದಿಲ್ಲವೇನೋ ಅನ್ನುವಷ್ಟರಲ್ಲಿ ಎತ್ತಿದ. ಹಿಂದೆ ಟಿವಿಯ ಸದ್ದು ಕೇಳಿಸುತ್ತಿತ್ತು.

“ಕಿರಣ, ಕರಡಗಿ ನೀ ತಗೊಂಡಿಲ್ಲ.”

ಟಿವಿಯ ಸದ್ದು ನಿಂತಿತು. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

“ಅದನ್ನ ನಾ ಅವತ್ತ ಹೇಳಿದ್ನೆಲ್ಲ, ಅಕ್ಕ.”

“ಹೇಳಿದ್ದಿ,” ಎಂದಳು ರುದ್ರಾಣಿ. “ನಾ ಅವರನ್ನ ನಂಬಿದ್ನಿ.”